ತೋಪಿನ ಅಟ್ಟದ ಹುಡುಗರು: 'ಕಾಸಾಬಿಯಾಂಕಾ' ಕವನದ ಒಂದು ಪರಾಮರ್ಶೆ

ಅರ್ಥವಾಗುವುದಕ್ಕೆ ಮೊದಲೇ ಬಾಯಿಪಾಠವಾಗಿ, ಅರ್ಥವಾದ ಮೇಲೂ ಪರೀಕ್ಷೆಗೆ ಒಳಗಾಗದೆ ಉಳಿದುಬಿಡುವ ಕವನಗಳು ಕೆಲವುಂಟು. ಇಂಗ್ಲಿಷ್ ಪಾಠಪುಸ್ತಕಗಳ ಮೂಲಕ ನಮ್ಮ ದೇಶಕ್ಕೆ ಬಂದ 'ಕಾಸಾಬಿಯಾಂಕಾ' ಅಂತಹವುಗಳಲ್ಲೊಂದು. ಬರೆದವರು ಫೆಲಿಸಿಯಾ ಹೆಮನ್ಸ್ (1793–1835) ಎಂಬ ಆಂಗ್ಲ ಕವಯಿತ್ರಿ, ಪ್ರಕಟವಾದುದು 1826ರಲ್ಲಿ. ಹತ್ತು ಚೌಪದಿಗಳ, ನಲವತ್ತು ಸಾಲುಗಳ ಈ ಕಿರಿಯ ಕಥನಕವನವನ್ನು ಎಷ್ಟೋ ತಲೆಮಾರಿನ ಮಕ್ಕಳು ಕಂಠಸ್ಥ ಮಾಡಿದರು. ಕರ್ತವ್ಯನಿಷ್ಠೆಗೂ ಪಿತೃಭಕ್ತಿಗೂ ಇದಕ್ಕಿಂತ ಮಿಗಿಲಾದ ನಿದರ್ಶನವಿಲ್ಲವೆಂದು ಉಪಾಧ್ಯಾಯರು ಬೋಧಿಸಿದರು. ಆ ಬೋಧನೆಯನ್ನು ಮತ್ತೊಮ್ಮೆ ಒರೆಗೆ ಹಚ್ಚಿ ನೋಡುವುದು ನಮ್ಮ ಇಲ್ಲಿನ ಉದ್ದೇಶ.

ಕವನದ ವಸ್ತು ಚರಿತ್ರೆಯಿಂದ ಬಂದುದು. 1798ನೆಯ ಇಸವಿ ಆಗಸ್ಟ್ 1ರ ರಾತ್ರಿ, ಈಜಿಪ್ಟಿನ ಅಬೂಕೀರ್ ಕೊಲ್ಲಿಯಲ್ಲಿ ಲಂಗರು ಹಾಕಿ ನಿಂತಿದ್ದ ಫ್ರೆಂಚ್ ನೌಕಾಬಲದ ಮೇಲೆ ನೆಲ್ಸನ್ ಎರಗಿದನು. ಫ್ರೆಂಚರ ದಂಡನಾಯಕನಾದ ಬ್ರೂಯೆ ಇದ್ದುದು 'ಲೋರಿಯಾಂ' ಎಂಬ ಭಾರಿ ಹಡಗಿನಲ್ಲಿ. ನೂರಕ್ಕೂ ಮಿಕ್ಕಿದ ತೋಪುಗಳು, ಸಾವಿರದಷ್ಟು ಜನರು ಅದರಲ್ಲಿದ್ದರು. ಹಡಗಿನ ಕಪ್ತಾನನ ಹೆಸರು ಕಾಸಾಬಿಯಾಂಕಾ. ಅವನ ಎಳೆಯ ಮಗನೂ ಜತೆಯಲ್ಲಿದ್ದನು. ಹಡಗಿಗೆ ಬೆಂಕಿ ಹತ್ತಿತು. ರಾತ್ರಿ ಸುಮಾರು ಹತ್ತು ಗಂಟೆಗೆ ಮದ್ದಿನ ಮನೆಗೆ ಉರಿ ತಗಲಿ ಹಡಗು ಸಿಡಿದು ಚೂರಾಯಿತು. ಅಲ್ಲಿಂದ ಕೆಲವು ನಿಮಿಷಗಳವರೆಗೆ ಎರಡು ಕಡೆಯ ತೋಪುಗಳೂ ದಿಗ್ಭ್ರಮೆಯಿಂದ ಮೌನವಾದುವು. ಕವಯಿತ್ರಿಯು ಈ ಘಟನೆಯಿಂದ ಬಾಲಕನೊಬ್ಬನನ್ನೇ ಆರಿಸಿಕೊಂಡಿದ್ದಾರೆ. ಎಲ್ಲರೂ ಬಿಟ್ಟುಹೋದ ಉರಿವ ಹಡಗಿನಲ್ಲಿ, ತಂದೆಯ ಅಪ್ಪಣೆಯಿಲ್ಲದೆ ಸ್ಥಳ ಬಿಡಲೊಲ್ಲದೆ, ತಂದೆಯು ಕೆಳಗೆ ಸತ್ತುಬಿದ್ದಿರುವುದನ್ನು ಅರಿಯದೆ, ಅವನು ಮೂರು ಬಾರಿ ಕೂಗಿ ಕೇಳುತ್ತಾನೆ. ಉತ್ತರ ಬಾರದು. ಹಡಗು ಸಿಡಿಯುತ್ತದೆ.

ನೀಲಗಿರಿಯ ಉಪಾಧ್ಯಾಯರಾದ ನಮಗೆ ಈ ಯುದ್ಧವು ದೂರದ ಸಂಗತಿಯಲ್ಲ. ಬೋನಪಾರ್ತನು ಈಜಿಪ್ಟಿಗೆ ಇಳಿದ ಉದ್ದೇಶಗಳಲ್ಲಿ ಭಾರತದ ಆಂಗ್ಲರನ್ನು ಬೆದರಿಸುವುದೂ ಒಂದು. 1799ರ ಜನವರಿಯಲ್ಲಿ ಅವನು ಕೈರೋ ನಗರದಿಂದ ಟಿಪ್ಪುಸುಲ್ತಾನನಿಗೆ ಬರೆದ ಪತ್ರವು ದಾರಿಯಲ್ಲಿಯೇ ಆಂಗ್ಲರ ಕೈಸೇರಿತು. ಅಬೂಕೀರ್ ವಿಜಯದ ಸುದ್ದಿಯನ್ನು ನೆಲ್ಸನ್ ತನ್ನ ಅಧಿಕಾರಿಯೊಬ್ಬನ ಮೂಲಕ ನೆಲದ ದಾರಿಯಿಂದ ಬೊಂಬಾಯಿಗೆ ಕಳುಹಿಸಿದನು. ಸಮುದ್ರಮಾರ್ಗದಿಂದ ಫ್ರೆಂಚರ ನೆರವು ಬರುವ ಆಸೆ ಕಡಿದುಹೋಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಅದರ ಹಿಂದೆಯೇ ನಮ್ಮ ಬೆಟ್ಟಗಳು ಕಂಪನಿಯ ವಶವಾದುವು. ಆ ಆಳ್ವಿಕೆಯ ಬೆನ್ನಿಗೆ ಅದರ ಶಾಲೆ ಬಂದಿತು. ಶಾಲೆಯ ಬೆನ್ನಿಗೆ ಅದರ ಪದ್ಯ ಬಂದಿತು. ಆದುದರಿಂದ ಈ ಪದ್ಯವನ್ನು ಪರಾಮರ್ಶಿಸುವ ಹಕ್ಕು ನಮಗೆ ಇತರರಿಗಿಂತ ಒಂದು ಗುಲಗಂಜಿ ಹೆಚ್ಚೇ ಇದೆಯೆನ್ನಬೇಕು.

ಮೊದಲು ಕವನದ ಗುಣವನ್ನು ಒಪ್ಪಿಕೊಳ್ಳೋಣ. ಇದರ ಲಯವು ಸರಳ; ಮಕ್ಕಳ ನಾಲಗೆಗೆ ತಾನೇ ತಾನಾಗಿ ಕೂಡುವಂತಹುದು. ಬೆಂಕಿಯೊಂದೇ ಚಲಿಸುತ್ತದೆ, ಬಾಲಕನು ಅಲುಗುವುದಿಲ್ಲ. ಈ ವೈದೃಶ್ಯದಿಂದ ಚಿತ್ರವು ಮನಸ್ಸಿನಲ್ಲಿ ಅಚ್ಚೊತ್ತುತ್ತದೆ. ನಮ್ಮ ಲಾಕ್ಷಣಿಕರ ಮಾತಿನಲ್ಲಿ ಹೇಳುವುದಾದರೆ, ಬಾಲಕನು ಆಲಂಬನ, ಉರಿಯು ಉದ್ದೀಪನ. ವೀರವೂ ಕರುಣವೂ ಒಂದರೊಡನೊಂದು ಬೆರೆತು ಬರುತ್ತವೆ. ಇಷ್ಟನ್ನು ನಲವತ್ತು ಸಾಲುಗಳಲ್ಲಿ ಸಾಧಿಸುವುದು ಸಾಮಾನ್ಯ ಶಕ್ತಿಯಲ್ಲ.

ಆದರೆ ಈ ಸಿದ್ಧಿಗೆ ಕವಯಿತ್ರಿ ತೆತ್ತ ಬೆಲೆಯೊಂದಿದೆ. ಅವರು ಹಡಗನ್ನು ಖಾಲಿಮಾಡಿದ್ದಾರೆ. ಸತ್ತವರ ಪ್ರಸ್ತಾಪವು ಆರಂಭದಲ್ಲಿ ಒಮ್ಮೆ ಮಿಂಚಿ ಮರೆಯಾಗುತ್ತದೆ. ಬದುಕಿದ್ದವರೆಲ್ಲ ಓಡಿಹೋದರೆಂದು ಒಂದೇ ಮಾತಿನಲ್ಲಿ ಮುಗಿಯುತ್ತದೆ. ಚರಿತ್ರೆಯ 'ಲೋರಿಯಾಂ' ಹಾಗಿರಲಿಲ್ಲ. ಮೇಲಿನ ಅಟ್ಟ ಉರಿಯುತ್ತಿದ್ದಾಗಲೂ ಕೆಳಗಿನ ಅಟ್ಟದ ತೋಪುಗಳು ಹಾರುತ್ತಲೇ ಇದ್ದುವೆಂದು ಯುದ್ಧದ ವೃತ್ತಾಂತಗಳು ಹೇಳುತ್ತವೆ. ಆ ಸಾವಿರದಷ್ಟು ಜನರಲ್ಲಿ ಬದುಕಿ ಉಳಿದವರು ಕೆಲವರೇ. ಹೀಗಿರುವಾಗ ಒಬ್ಬ ಬಾಲಕನ ಧೈರ್ಯವನ್ನು ಎತ್ತಿಹಿಡಿಯಲು ನೂರಾರು ಜನರನ್ನು ಓಡಿಹೋದವರ ಪಟ್ಟಿಗೆ ಸೇರಿಸುವುದು ಔಚಿತ್ಯವೇ? ಕವಿಗೆ ಚರಿತ್ರೆಯನ್ನು ಬದಲಿಸುವ ಸ್ವಾತಂತ್ರ್ಯವುಂಟು. ಬದಲಿಸಿದುದರಿಂದ ಯಾವ ಸತ್ಯವು ಬೆಳಗಿತು, ಯಾವುದು ಮುಚ್ಚಿಹೋಯಿತು ಎಂದು ಕೇಳುವ ಸ್ವಾತಂತ್ರ್ಯ ವಿಮರ್ಶಕನಿಗೂ ಉಂಟು.

ಮುಚ್ಚಿಹೋದುದು ಏನೆಂದು ತಿಳಿಯಲು ಆ ಕಾಲದ ಹಾಯಿಹಡಗಿನ ತೋಪಿನ ಅಟ್ಟವನ್ನು ಒಮ್ಮೆ ಇಳಿದು ನೋಡಬೇಕು. ಇಂದಿಗೂ ಉಳಿದಿರುವ ಮಾದರಿಯೊಂದು ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನಲ್ಲಿದೆ: 1765ರಲ್ಲಿ ನೀರಿಗಿಳಿದ 'ವಿಕ್ಟರಿ'. 1805ರ ಟ್ರಫಾಲ್ಗರ್ ಯುದ್ಧದಲ್ಲಿ ಅದರೊಳಗೆ 104 ತೋಪುಗಳೂ ಎಂಟುನೂರಕ್ಕೂ ಹೆಚ್ಚು ಜನರೂ ಇದ್ದರು. ಅತಿ ಕೆಳಗಿನ ತೋಪಿನ ಅಟ್ಟದಲ್ಲಿ 30 ದೊಡ್ಡ ತೋಪುಗಳು. ಒಂದೊಂದೂ ಮೂರು ಟನ್ನಿಗೆ ಸಮೀಪದ ತೂಕ. ಹಾರಿಸುವ ಗುಂಡಿನ ತೂಕ 32 ಪೌಂಡು. ಆ ತೋಪುಗಳ ನಡುವೆಯೇ ನಾವಿಕರ ಮನೆ. ಎರಡು ತೋಪುಗಳ ಮಧ್ಯೆ ತೊಲೆಗೆ ತೂಗುಹಾಕಿದ ಹಲಗೆಯೇ ಊಟದ ಮಣೆ. ಆರೆಂಟು ಮಂದಿ ಒಂದು ಪಂಕ್ತಿ. ಊಟವೆಂದರೆ ಒಣ ಬಿಸ್ಕತ್ತು, ಉಪ್ಪು ಹಾಕಿದ ಮಾಂಸ, ಬಟಾಣಿಯ ಗಂಜಿ, ಓಟ್ಸ್. ರಾತ್ರಿಯಾದರೆ ತೊಲೆಗಳಿಗೆ ಬಟ್ಟೆಯ ಜೋಲಿಗಳನ್ನು ಕಟ್ಟಿ ಮಲಗುವುದು. ಒಬ್ಬನಿಗೆ ಸಂದ ಅಗಲ 14 ಅಂಗುಲ ಮಾತ್ರ. ಅರ್ಧ ಜನರು ಪಾಳಿಯ ಮೇಲೆ ಎದ್ದಿರುತ್ತಿದ್ದುದರಿಂದ ಉಳಿದವರಿಗೆ ಪಕ್ಕ ಹೊರಳಲು ಎಡೆ ಸಿಕ್ಕುತ್ತಿತ್ತು. ಎತ್ತರದ ಆಳಾದರೆ ತಲೆಬಾಗಿ ನಡೆಯಬೇಕು. ಸಮುದ್ರ ಕೆರಳಿದಾಗ ತೋಪಿನ ಕಂಡಿಗಳ ಮುಚ್ಚಳ ಹಾಕಿದರೆ ಗಾಳಿಯಿಲ್ಲ, ಬೆಳಕಿಲ್ಲ. ತಪ್ಪಿದವನ ಬೆನ್ನಿಗೆ ಎಲ್ಲರೆದುರಿನಲ್ಲಿ ಚಾವಟಿ.

ಯುದ್ಧದ ದಿನ ಈ ಮನೆಯೇ ರಣಭೂಮಿ. ಊಟದ ಹಲಗೆಗಳನ್ನೂ ಜೋಲಿಗಳನ್ನೂ ತೆಗೆದು, ನೆಲಕ್ಕೆ ಮರಳು ಚೆಲ್ಲಿ, ಕಾಲು ಜಾರದಂತೆ ಮಾಡುತ್ತಿದ್ದರು. ದೊಡ್ಡ ತೋಪೊಂದಕ್ಕೆ ಹನ್ನೆರಡು ಮಂದಿಗೂ ಹೆಚ್ಚು ಬೇಕು. ಒಬ್ಬನು ಒದ್ದೆ ಕುಂಚದಿಂದ ನಳಿಗೆಯ ಕಿಡಿ ಆರಿಸುವನು, ಒಬ್ಬನು ಮದ್ದಿನ ಚೀಲವನ್ನೂ ಗುಂಡನ್ನೂ ಇಡುವನು, ಒಬ್ಬನು ಗಿಡಿಯುವನು, ಉಳಿದವರು ಹಗ್ಗ ಹಿಡಿದು ತೋಪನ್ನು ಕಂಡಿಗೆ ಎಳೆದು ನಿಲ್ಲಿಸುವರು, ಮೇಸ್ತ್ರಿಯು ಗುರಿ ನೋಡಿ ಹಾರಿಸುವನು. ಹಾರಿದೊಡನೆ ತೋಪು ತನ್ನ ಗಾಡಿಯೊಡನೆ ಹಿಂದಕ್ಕೆ ಧಾವಿಸುತ್ತದೆ. ದಪ್ಪ ಹಗ್ಗವೊಂದು ಅದನ್ನು ತಡೆಯದಿದ್ದರೆ ತನ್ನವರನ್ನೇ ಅರೆದುಬಿಡುತ್ತದೆ. ಹೊಗೆಯಲ್ಲಿ ಪಕ್ಕದವನ ಮುಖ ಕಾಣದು. ಸದ್ದಿನಲ್ಲಿ ಅಪ್ಪಣೆ ಕೇಳಿಸದು. ಹೊರಗಿನಿಂದ ಬಂದ ಗುಂಡಿಗಿಂತ ಅದು ಹಡಗಿನ ಗೋಡೆಯಿಂದ ಎಬ್ಬಿಸಿದ ಮರದ ಸಿಬಿರುಗಳೇ ಹೆಚ್ಚು ಜನರನ್ನು ಗಾಯಗೊಳಿಸುತ್ತಿದ್ದುವು.

ಈ ಯಂತ್ರದಲ್ಲಿ ಹುಡುಗರ ಸ್ಥಾನವೇನು? ಮದ್ದನ್ನು ತೋಪಿನ ಬಳಿ ರಾಶಿ ಹಾಕುವಂತಿರಲಿಲ್ಲ. ಒಂದು ಕಿಡಿ ಸಾಕು, ಅಟ್ಟವೇ ಹಾರಿಹೋಗುತ್ತಿತ್ತು. ಆದುದರಿಂದ ನೀರಿನ ಮಟ್ಟದ ಕೆಳಗಿದ್ದ ಮದ್ದಿನ ಮನೆಯಿಂದ ಚೀಲಗಳನ್ನು ಆಗಾಗ ಮುಚ್ಚಳದ ಡಬ್ಬದಲ್ಲಿಟ್ಟು ತರಬೇಕಾಗಿತ್ತು. ತಗ್ಗಿನ ಅಟ್ಟಗಳಲ್ಲಿ ನುಸುಳಿ ಓಡಲು ಚಿಕ್ಕ ಮೈಯವರೇ ಅನುಕೂಲ. ಹನ್ನೆರಡು, ಹದಿಮೂರು ವಯಸ್ಸಿನ ಹುಡುಗರು ಈ ಕೆಲಸದಲ್ಲಿದ್ದರು. 1756ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಮೆರೀನ್ ಸೊಸೈಟಿ ಎಂಬ ಸಂಸ್ಥೆಯು ಬಡ ಹುಡುಗರಿಗೆ ಬಟ್ಟೆ ಕೊಟ್ಟು ನೌಕಾದಳಕ್ಕೆ ಕಳುಹಿಸುತ್ತಿತ್ತು. ಕಪ್ತಾನನ ಮಗನಿಗೆ ಪದ್ಯ ಸಿಕ್ಕಿತು. ಇವರಿಗೆ ಬಟ್ಟೆ ಸಿಕ್ಕಿತು.

ಅದೃಷ್ಟವಶಾತ್ ಅದೇ ಯುದ್ಧದ, ಅದೇ ರಾತ್ರಿಯ ಇನ್ನೊಂದು ಸಾಕ್ಷ್ಯ ನಮಗೆ ದೊರೆತಿದೆ. ಜಾನ್ ನಿಕಲ್ ಎಂಬ ಸ್ಕಾಟ್ಲೆಂಡಿನ ಬಡ ನಾವಿಕನು 1822ರಲ್ಲಿ ತನ್ನ ಜೀವನಚರಿತ್ರೆಯನ್ನು ಹೇಳಿ ಬರೆಯಿಸಿದನು. ಅಬೂಕೀರಿನಲ್ಲಿ ಅವನಿದ್ದುದು 74 ತೋಪುಗಳ 'ಗೊಲಾಯತ್' ಹಡಗಿನ ಮದ್ದಿನ ಮನೆಯಲ್ಲಿ. ಯುದ್ಧವು ಅವನ ಕಣ್ಣಿಗೆ ಬೀಳಲೇ ಇಲ್ಲ. ಮದ್ದು ಒಯ್ಯಲು ಬರುತ್ತಿದ್ದ ಹುಡುಗರೂ ಹೆಂಗಸರೂ ಹೇಳಿದುದೇ ಅವನಿಗೆ ಸುದ್ದಿ. ಹೌದು, ಹೆಂಗಸರು, ನಾವಿಕರ ಹೆಂಡಿರು ಕೆಲವರು ಹಡಗಿನಲ್ಲಿದ್ದು ಮದ್ದು ಹೊತ್ತರು. ಅವರಲ್ಲಿ ಒಬ್ಬಳು ಗಾಯದಿಂದ ಸತ್ತಳು. ಮತ್ತೊಬ್ಬಳು ತೋಪಿನ ಸದ್ದಿನ ನಡುವೆಯೇ ಗಂಡುಮಗುವನ್ನು ಹೆತ್ತಳು. ನಿಕಲ್ ಹೇಳುವ ಇನ್ನೊಂದು ಸಂಗತಿಯುಂಟು. ಅಟ್ಟದಲ್ಲಿ ಹುಡುಗನೊಬ್ಬನು ಮದ್ದಿನ ಚೀಲಗಳ ಪೆಟ್ಟಿಗೆಯ ಮೇಲೆ ಕುಳಿತು, ಮುಚ್ಚಳ ಕಾಯುತ್ತ, ಕೇಳಿದವರಿಗೆ ಚೀಲ ಕೊಡುತ್ತಿದ್ದನು. ಒಮ್ಮೆ ಕೇಳಿದರೆ ಕೊಡಲಿಲ್ಲ. ನೆಟ್ಟಗೆ ಕುಳಿತಿದ್ದನು, ಕಣ್ಣು ತೆರೆದಿತ್ತು. ಒಬ್ಬನು ಅವನನ್ನು ನೂಕಿದನು. ಹುಡುಗನು ಉದ್ದಕ್ಕೆ ಉರುಳಿದನು. ಮೈಮೇಲೆ ಒಂದು ಗೀರೂ ಇರಲಿಲ್ಲ; ಪ್ರಾಣ ಹೋಗಿತ್ತು. ಅವನನ್ನು ಕಡಲಿಗೆ ಹಾಕಿದರು. ನಿಕಲ್ ಅವನ ಹೆಸರನ್ನೂ ಹೇಳುವುದಿಲ್ಲ.

ಎರಡು ಚಿತ್ರಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಹೆಮನ್ಸರ ಕವನದಲ್ಲಿ ಬದುಕಿರುವ ಹುಡುಗನು ಕೇಳುತ್ತಾನೆ, ಸತ್ತ ತಂದೆ ಉತ್ತರಿಸುವುದಿಲ್ಲ. ನಿಕಲ್‌ನ ನೆನಪಿನಲ್ಲಿ ಬದುಕಿರುವ ದೊಡ್ಡವರು ಕೇಳುತ್ತಾರೆ, ಸತ್ತ ಹುಡುಗನು ಉತ್ತರಿಸುವುದಿಲ್ಲ. ಮೊದಲನೆಯದರಲ್ಲಿ ಸಾವು ಸ್ಫೋಟದ ವೈಭವದೊಡನೆ ಬರುತ್ತದೆ. ಎರಡನೆಯದರಲ್ಲಿ ಒಂದು ಚೀಲ ಮದ್ದಿಗೆ ತಡವಾದಾಗಲೇ ಅದು ತಿಳಿಯುವುದು. 'ಲೋರಿಯಾಂ' ಸಿಡಿದ ಕ್ಷಣವೂ ನಿಕಲ್‌ನಲ್ಲಿ ಉಂಟು. ತಮ್ಮ ಹಡಗಿನ ಹಿಂಭಾಗವೇ ಹಾರಿಹೋಯಿತೆಂದು ಮದ್ದಿನ ಮನೆಯವರು ಭಾವಿಸಿದರು. ಹುಡುಗರು ಬಂದು ಹೇಳಿದ ಮೇಲೆಯೇ ನಿಜ ತಿಳಿದುದು. ಕವನವು ಎಲ್ಲಿ ಮುಗಿಯುತ್ತದೆಯೋ ಅಲ್ಲಿ ಈ ಹುಡುಗರು ಸುದ್ದಿ ಹೊತ್ತು ಏಣಿ ಇಳಿಯುತ್ತಿದ್ದಾರೆ. ಯಾವ ಪಾಠಪುಸ್ತಕವೂ ಅವರನ್ನು ತನ್ನೊಳಕ್ಕೆ ಕರೆದುಕೊಳ್ಳಲಿಲ್ಲ.

ನಿಕಲ್‌ನ ಬರಹ ಕಾವ್ಯವಲ್ಲ, ಹೆಮನ್ಸರದು ಚರಿತ್ರೆಯಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ತಿರುಳಿದೆ. ಆದರೆ ನಾವು ತೂಗುತ್ತಿರುವುದು ವಿಧೇಯತೆ ಎಂಬ ಮೌಲ್ಯವನ್ನು. ತೋಪಿನ ಅಟ್ಟದಲ್ಲಿ ವಿಧೇಯತೆಗೆ ಅರ್ಥವಿತ್ತು. ಮುಚ್ಚಳವನ್ನು ಮುಚ್ಚಿಯೇ ಇಡು ಎಂಬ ಅಪ್ಪಣೆಯನ್ನು ಹುಡುಗನು ಮೀರಿದರೆ ನೂರಾರು ಜನ ಸಾಯುತ್ತಿದ್ದರು. ಅಪ್ಪಣೆಯು ಕೆಲಸಕ್ಕೆ ಅಂಟಿಕೊಂಡಿತ್ತು. ಕೆಲಸವು ಜತೆಗಾರರ ಪ್ರಾಣಕ್ಕೆ. ಕವನದ ಬಾಲಕನಾದರೋ ತೋಪುಗಳನ್ನು ಬಿಟ್ಟುಹೋದ ಮೇಲೆ, ಕಾಯಲು ಏನೂ ಉಳಿಯದ ಮೇಲೆ, ಯಾರಿಗೂ ಉಪಯೋಗವಿಲ್ಲದ ಸ್ಥಳವನ್ನು ಕಾಯುತ್ತಾನೆ. ಕೆಲಸವು ಸತ್ತ ಮೇಲೂ ಬದುಕಿರುವ ಅಪ್ಪಣೆ ಅದು. ಹಡಗನ್ನು ಖಾಲಿಮಾಡಿದುದರಿಂದಲೇ ಈ ಅಪ್ಪಣೆಗೆ ಅಷ್ಟು ಸೌಂದರ್ಯ ಬಂದಿತು. ಪಕ್ಕದಲ್ಲಿ ಒಬ್ಬ ಜತೆಗಾರನಿದ್ದರೂ ಅವನು ಹುಡುಗನ ಕೈಹಿಡಿದು ನೀರಿಗೆ ಎಳೆಯುತ್ತಿದ್ದನು, ಕವನ ನಿಲ್ಲುತ್ತಿರಲಿಲ್ಲ. ಚರಿತ್ರೆಯಲ್ಲಿಯೂ ಬೇರೊಂದು ವೃತ್ತಾಂತವಿದೆ. ಅದರಲ್ಲಿ ಮಗನು ಅಪ್ಪಣೆಗಾಗಿ ನಿಂತವನಲ್ಲ. ಗಾಯಗೊಂಡ ತಂದೆಯನ್ನು ಬಿಟ್ಟುಹೋಗಲಾರದೆ ಉಳಿದವನು. ಅಪ್ಪಣೆಗಿಂತ ಅಕ್ಕರೆ ಮನುಷ್ಯಸಹಜ.

ಕವಯಿತ್ರಿಗೂ ಈ ಸಂಶಯ ಇರಲಿಲ್ಲವೆನ್ನಲಾಗದು. ಅವರ ಸೋದರರು ಸೇನೆಯಲ್ಲಿದ್ದವರು, ಗಂಡನೂ ಸೈನಿಕನೇ. ಗಂಡನಿಂದ ದೂರವಾಗಿ ಐವರು ಗಂಡುಮಕ್ಕಳನ್ನು ಬೆಳೆಸಿದವರು ಅವರು. ಬಾಲಕನು ಮೂರು ಬಾರಿ ಕೇಳುವಂತೆ ಮಾಡಿರುವುದೇ ಅವನಿಗೆ ಹೋಗುವ ಆಸೆ ಇತ್ತೆಂಬುದಕ್ಕೆ ಧ್ವನಿ. ಈ ಕವನವನ್ನು ಹೊಗಳಿಕೆಗಿಂತ ಹೆಚ್ಚಾಗಿ ಶೋಕವೆಂದು ಓದುವ ವಿಮರ್ಶಕರು ಈಚೆಗೆ ಹುಟ್ಟಿದ್ದಾರೆ. ಹಾಗಾದರೆ ದೋಷದ ಹೆಚ್ಚಿನ ಪಾಲು ಪಾಠದ್ದು. ತರಗತಿಯಲ್ಲಿ ಪ್ರಶ್ನೆಯನ್ನು ಬಿಟ್ಟು ಪ್ರತಿಮೆಯನ್ನು ಉಳಿಸಿಕೊಂಡೆವು.

ಇಲ್ಲಿ ಕನ್ನಡದ ಮಗುವಿಗೆ ಸಹಜವಾಗಿಯೇ ನೆನಪಾಗುವುದು ಗೋವಿನ ಹಾಡು. ಅದರಲ್ಲಿಯೂ ಸಾವಿನೆದುರು ಮಾತಿಗೆ ಬದ್ಧವಾದ ಜೀವವೊಂದಿದೆ. ಆದರೆ ಪುಣ್ಯಕೋಟಿಯು ಉಳಿಸಿಕೊಳ್ಳುವುದು ತಾನೇ ಕೊಟ್ಟ ಮಾತನ್ನು. ಕಾಸಾಬಿಯಾಂಕಾ ಉಳಿಸಿಕೊಳ್ಳುವುದು ಇನ್ನೊಬ್ಬರು ಇಟ್ಟ ಅಪ್ಪಣೆಯನ್ನು. ಪುಣ್ಯಕೋಟಿಗೆ ದೊಡ್ಡಿಗೆ ಹೋಗಿಬರುವ ಅವಕಾಶವಿದೆ. ಕರುವಿಗೆ ಹಾಲೂಡಿ, ವಿಷಯ ತಿಳಿಸಿ, ಒಡನಾಡಿ ಹಸುಗಳಿಗೆ ಅದನ್ನು ಒಪ್ಪಿಸುತ್ತದೆ. ಕರುವೂ ಮಾತಾಡುತ್ತದೆ, ಬೇಡವೆನ್ನುತ್ತದೆ. ಕೊಟ್ಟ ಮಾತು ಸುತ್ತಲಿನವರೆಲ್ಲರ ಎದುರಿನಲ್ಲಿ ತೂಗಲ್ಪಡುತ್ತದೆ. ಕೊನೆಗೆ ಆ ಸತ್ಯವು ಹಸಿದ ಹುಲಿಯ ಮನಸ್ಸನ್ನೇ ತಿರುಗಿಸುತ್ತದೆ. ಹಡಗಿನ ಕಥೆಯಲ್ಲಿ ಯಾರ ಮನಸ್ಸೂ ತಿರುಗುವುದಿಲ್ಲ. ಅಪ್ಪಣೆಯಿತ್ತವನು ಕೇಳಿಸಿಕೊಳ್ಳಲೂ ಇಲ್ಲ. ಜನಪದ ಕವಿಯ ದೊಡ್ಡಿ ತುಂಬಿದೆ, ಆಂಗ್ಲ ಕವಯಿತ್ರಿಯ ಹಡಗು ಬರಿದಾಗಿದೆ. ಎರಡು ಕಾವ್ಯಗಳ ಧರ್ಮಭೇದವು ಈ ಒಂದರಲ್ಲಿಯೇ ಅಡಗಿದೆಯೆಂದು ನಮ್ಮ ಅಭಿಪ್ರಾಯ.

ಬರಿದಾದ ಆ ಹಡಗಿನಲ್ಲಿ ಕಾಣದೆಹೋದವರಲ್ಲಿ ನಮ್ಮ ಕಡೆಯವರೂ ಇದ್ದಾರೆ. ಅಬೂಕೀರಿನ ಹಡಗುಗಳು ಯೂರೋಪಿನ ಓಕ್ ಮರದವು. ಆ ಮರ ವಿರಳವಾದಂತೆ ಆಂಗ್ಲ ನೌಕಾದಳದ ಕಣ್ಣು ಮಲಬಾರಿನ ತೇಗದ ಮೇಲೆ ಬಿದ್ದಿತು. 1806ರಲ್ಲಿ ಕಪ್ತಾನ್ ವಾಟ್ಸನ್ ಎಂಬ ಪೊಲೀಸ್ ಅಧಿಕಾರಿಯನ್ನು ಅರಣ್ಯಪಾಲಕನಾಗಿ ನೇಮಿಸಿದರು. ಮರುವರ್ಷ ತೇಗದ ಮೇಲೆ ಕಂಪನಿಯ ಏಕಸ್ವಾಮ್ಯ ಸಾರಲಾಯಿತು. ತಮ್ಮ ಕಾಡಿನ ಮರ ತಮ್ಮದಲ್ಲವಾಯಿತೆಂದು ಜನ ನೊಂದರು. 1823ರಲ್ಲಿ ಮದರಾಸಿನ ಗವರ್ನರ್ ಮನ್ರೋ ಆ ವ್ಯವಸ್ಥೆಯನ್ನು ರದ್ದುಮಾಡಿದನು. ನಮ್ಮ ಗೂಡಲೂರಿನ ಸೀಮೆಯೂ ಆಗ ಮಲಬಾರಿನ ವಯನಾಡಿಗೆ ಸೇರಿತ್ತು. ನೀಲಗಿರಿಗೆ ಬಂದುದು 1877ರಲ್ಲಿ. ಮಲಬಾರಿನ ತೇಗದಿಂದ ಬೊಂಬಾಯಿಯ ಕಟ್ಟೆಯಲ್ಲಿ ವಾಡಿಯಾ ಮನೆತನದ ಪಾರ್ಸಿ ಶಿಲ್ಪಿಗಳು 1810ರಲ್ಲಿ 'ಮಿಂಡನ್', 1813ರಲ್ಲಿ 'ಕಾರ್ನ್‌ವಾಲಿಸ್', 1817ರಲ್ಲಿ 'ಟ್ರಿಂಕೋಮಲಿ', 1821ರಲ್ಲಿ 'ಗ್ಯಾಂಜಿಸ್' ಹಡಗುಗಳನ್ನು ಕಟ್ಟಿದರು. 'ಟ್ರಿಂಕೋಮಲಿ' ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ನೀರಿನ ಮೇಲೆ ನಿಂತಿದೆ. 'ಗ್ಯಾಂಜಿಸ್' 1860ರ ದಶಕದಲ್ಲಿ ನೌಕಾದಳದ ಹುಡುಗರ ತರಬೇತಿಯ ಶಾಲೆಯಾಯಿತು. ಮಲೆನಾಡಿನ ಮರದ ಅಟ್ಟದ ಮೇಲೆ ದೂರದೇಶದ ಬಡ ಹುಡುಗರು ಅಪ್ಪಣೆ ಪಾಲಿಸುವುದನ್ನು ಕಲಿತರು. ಅದೇ ಕಾಲದಲ್ಲಿ ನಮ್ಮ ದೇಶದ ಹುಡುಗರು ಪಾಠಪುಸ್ತಕದಿಂದ ಅದೇ ಅಪ್ಪಣೆಯನ್ನು ಕಲಿತರು. ಮುದುಮಲೆಯ ಕಾಡಿನಲ್ಲಿ ಆನೆಗಳಿಂದ ದಿಮ್ಮಿ ಎಳೆಯಿಸಿದ ಕುರುಂಬ ಮಾವುತರ ಪೀಳಿಗೆಯವರು ಇಂದು ತೆಪ್ಪಕಾಡಿನ ಶಿಬಿರದಲ್ಲಿದ್ದಾರೆ. ಮರ ಕಡಿದವರು, ಎಳೆದವರು, ಕಟ್ಟಿದವರು, ಅದರೊಳಗೆ ಮದ್ದು ಹೊತ್ತವರು, ಇವರೆಲ್ಲರೂ ಸೇರಿಯೇ ಒಂದು ತೋಪಿನ ಅಟ್ಟವಾಗುತ್ತಿತ್ತು.

ಹಾಗೆಂದು ಈ ಕವನವನ್ನು ಮಕ್ಕಳಿಂದ ಮರೆಮಾಡಬೇಕೆಂದು ನಾವು ಹೇಳುವುದಿಲ್ಲ. ಚೆನ್ನಾಗಿ ಬರೆದುದನ್ನು ಚೆನ್ನಾಗಿ ಓದಬೇಕು. ಗೂಡಲೂರು, ಮಸಿನಗುಡಿಗಳ ತರಗತಿಯಲ್ಲಿ ಕನ್ನಡ, ತಮಿಳು, ಮಲೆಯಾಳ, ಬಡಗ, ಕುರುಂಬ ನುಡಿಗಳ ಮಕ್ಕಳು ಒಂದೇ ಮಣೆಯ ಮೇಲೆ ಕುಳಿತಿರುತ್ತಾರೆ. ಅವರಿಗೆ ಪದ್ಯವನ್ನು ಕಲಿಸಿದ ಮೇಲೆ ಉಪಾಧ್ಯಾಯನು ಮೂರು ಪ್ರಶ್ನೆ ಕೇಳಲಿ. ಈ ಹಡಗಿನಲ್ಲಿ ಇನ್ನೂ ಯಾರು ಯಾರು ಇದ್ದರು? ಆ ಹುಡುಗನ ಕೆಲಸವೇನಾಗಿತ್ತು, ಅದು ಯಾವಾಗ ಮುಗಿಯಿತು? ಅವನ ಪಕ್ಕದಲ್ಲಿ ನೀನಿದ್ದರೆ ಏನು ಹೇಳುತ್ತಿದ್ದೆ? ಮೊದಲನೆಯದು ಚರಿತ್ರೆಯನ್ನು ಕಲಿಸುತ್ತದೆ, ಎರಡನೆಯದು ವಿವೇಕವನ್ನು. ಮೂರನೆಯದಕ್ಕೆ ಮಕ್ಕಳು ತಮ್ಮ ತಮ್ಮ ನುಡಿಯಲ್ಲಿ ಕೊಡುವ ಉತ್ತರವು ಬಹುಮಟ್ಟಿಗೆ ಒಂದೇ ಆಗಿರುವುದೆಂದು ನಾವು ನಂಬುತ್ತೇವೆ. ತಂದೆಯಿಂದ ಬಾರದ ಆ ಉತ್ತರವನ್ನು ತರಗತಿಯು ಕೊಟ್ಟರೆ ಪಾಠ ಸಾರ್ಥಕವಾಯಿತು.